ಪ್ರಮಾಣ ಮಾಡದ ಲೈಬ್ರರಿಯನ್

ರಾಜೀವಿ ಮೇಡಂ ಬಗ್ಗೆ ಯಾರಾದರೂ "ಪಾಪ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಂತ ಪಾಪ? ಹದಿನಾರು ವರ್ಷ ಒಂದೇ ಕಾಲೇಜಿನ ಲೈಬ್ರರಿಯಲ್ಲಿ ದುಡಿದವರು, ಅದರಲ್ಲಿ ಒಂಬತ್ತು ವರ್ಷ ಮುಖ್ಯಸ್ಥರಾಗಿ ಐವತ್ತೆರಡು ಸಾವಿರ ಪುಸ್ತಕಗಳನ್ನೂ ನಮ್ಮಂಥ ಆರು ಜನರನ್ನೂ ಸುಧಾರಿಸಿದವರು. ಪಾಪ ಅನ್ನಬೇಕಾದ್ದು ಅವರನ್ನಲ್ಲ. ನಮ್ಮನ್ನೂ ಅನ್ನಲಿಕ್ಕಾಗುವುದಿಲ್ಲ, ನಮಗೆ ಬೇರೆ ಶಬ್ದ ಉಂಟು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನು ಮುರ್ಶಿದಾ. ಬಂಟ್ವಾಳ ಪೇಟೆಯ ಬ್ಯಾರಿಗಳ ಮನೆಯವಳು, ಆ ಲೈಬ್ರರಿಯಲ್ಲಿ ಅಸಿಸ್ಟೆಂಟ್. ಕಾಲೇಜು ಸಿದ್ಧಕಟ್ಟೆ ದಾಟಿ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಉಂಟು. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆಯೇ ನನ್ನ ಕೈಗೆ ಕಾಗದ ಬರುತ್ತದೆ. ನನ್ನ ಕೆಲಸ ಪರ್ಮನೆಂಟ್ ಅಲ್ಲ, ಪ್ರತಿ ಜೂನ್‌ನಲ್ಲಿ ಇನ್ನೊಂದು ವರ್ಷ ಅಂತ ಬರೆದು ಕೊಡುತ್ತಾರೆ. ಮಗಳು ರಿಫಾ ಅದೇ ಸಂಸ್ಥೆಯ ಶಾಲೆಯಲ್ಲಿ ಐದನೇ ಕ್ಲಾಸ್. ಗಂಡ ಅನ್ಸಾಫ್ ಬಿ.ಸಿ.ರೋಡ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇದನ್ನೆಲ್ಲ ಯಾಕೆ ಹೇಳ್ತೇನೆ ಅಂದರೆ, ನಾನು ಮಾಡಿದ್ದಕ್ಕೆ ನನ್ನ ಹತ್ತಿರ ಇರುವ ನೆವಗಳು ಇಷ್ಟೇ.

ಮೇಡಂ ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಬುಡದ ಊರಿನವರು. ಅಪ್ಪ ರುಕ್ಮಯ್ಯ ಗೌಡರಿಗೆ ರಬ್ಬರ್, ಸ್ವಲ್ಪ ಗದ್ದೆ. ಹೈಸ್ಕೂಲು ಗುರುವಾಯನಕೆರೆಯಲ್ಲಿ. ಬೋರ್ಡಿನ ಮೇಲೆ ತಾರೀಕು ತಪ್ಪು ಬರೆದ ಮಾಷ್ಟ್ರನ್ನು ತಿದ್ದಿ ಕೈಗೆ ಪೆಟ್ಟು ತಿಂದವರು. ಮಾರನೇ ವಾರ ಮಾಷ್ಟ್ರು ಮತ್ತೆ ತಪ್ಪು ಬರೆದರು, ಇವರು ಮತ್ತೆ ತಿದ್ದಿದರು, ಮತ್ತೆ ಪೆಟ್ಟು. "ಪೆಟ್ಟು ಬಿದ್ದ ಮಾತ್ರಕ್ಕೆ ತಾರೀಕು ಸರಿಯಾಗುವುದಿಲ್ಲವಲ್ಲ" ಅಂತ ನನಗೆ ಹೇಳಿದ್ದರು. ಮದುವೆಗೆ ಎರಡು ಸಲ ಹುಡುಗನ ಕಡೆಯವರು ನೋಡಲಿಕ್ಕೆ ಬಂದಿದ್ದರಂತೆ. ಮೊದಲನೆಯವನು "ಅಡಿಗೆ ಬರ್ತದಾ?" ಅಂತ ಕೇಳಿದ. ಇವರು "ಇಲ್ಲ. ನಿಮಗೆ?" ಅಂದರು. ಎರಡನೆಯವರು "ಮನೆಗೆ ಹೋಗಿ ತಿಳಿಸ್ತೇವೆ" ಅಂದಾಗ ಇವರು "ಎಷ್ಟು ಗಂಟೆಗೆ?" ಅಂತ ಕೇಳಿದರು. ನಾನು ಊಟದ ಹೊತ್ತಿಗೆ ಮದುವೆ ಯಾಕೆ ಆಗಲಿಲ್ಲ ಅಂದದ್ದಕ್ಕೆ ಇಷ್ಟನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿದರು. ನಾನು ನಕ್ಕು ನಕ್ಕು ಬುತ್ತಿಯ ಮೇಲೆ ಬೀಳುವುದೊಂದು ಬಾಕಿ. "ಇದರಲ್ಲಿ ನಗುವುದು ಎಲ್ಲಿ?" ಅಂತ ಕೇಳಿದರು. ನಾನು ವಿವರಿಸಿದ ಮೇಲೆ ಅವರೂ ನಕ್ಕರು.

ಬೆಳಿಗ್ಗೆ ಎಂಟೂಕಾಲಿಗೆ ಲೈಬ್ರರಿಗೆ ಬರುತ್ತಿದ್ದರು. ಒಂಬತ್ತರವರೆಗೆ ಒಬ್ಬರೇ ಕಪಾಟುಗಳ ನಡುವೆ ನಡೆದು, ಪುಸ್ತಕಗಳ ಬೆನ್ನು ಮುಟ್ಟಿಕೊಂಡು ಹೋಗುವುದು. ಎಲ್ಲಿ ಯಾವುದು ತಪ್ಪಿ ಕೂತಿದೆ ಅಂತ ಕೈಗೇ ಗೊತ್ತಾಗುತ್ತಿತ್ತು. ಸೋಮವಾರ ಪ್ರತಿಯೊಬ್ಬರ ಮೇಜಿನ ಮೇಲೆ ಒಂದು ಕಾರ್ಡು, ಆ ವಾರ ಯಾರು ಎಂತ ಮಾಡಬೇಕು ಅಂತ. "ಹೇಗಿದ್ದೀರಿ, ಚಹಾ ಆಯ್ತಾ" ಎಂಬ ಮಾತು ಅವರ ಬಾಯಿಂದ ನಾನು ಕೇಳಿಲ್ಲ. ಆದರೆ ನಮ್ಮ ಅಟೆಂಡರ್ ಮೋಹಿನಿಯಕ್ಕನಿಗೆ ಮಂಡಿ ನೋವು ಶುರುವಾದ ವಾರವೇ ಅವರ ಕಾರ್ಡಿನಿಂದ ಕೆಳಗಿನ ಎರಡು ಸಾಲು ಕಪಾಟು ಮಾಯ. ನನ್ನ ಮೊದಲ ರಂಜಾನಿಗೆ ನನ್ನ ಕಾರ್ಡಿನಲ್ಲಿ "ನಾಲ್ಕೂ ಇಪ್ಪತ್ತರ ಬಸ್ಸು, ಒಂದು ತಿಂಗಳು" ಅಂತ ಇತ್ತು. ನಾನು ಕೇಳಿರಲಿಲ್ಲ. ಇನ್ನೂ ಹೇಗೆ ಕೇಳುವುದು ಅಂತ ಮಂಡೆ ಬಿಸಿ ಮಾಡಿಕೊಂಡಿದ್ದೆ.

ಅವರ ಜೊತೆ ಕೆಲಸ ಸುಲಭ ಅಂತ ನಾನು ಹೇಳುವುದಿಲ್ಲ. ಹದಿನಾಲ್ಕು ತಿಂಗಳು ಪುಸ್ತಕ ಇಟ್ಟುಕೊಂಡ ಲೆಕ್ಚರರ್ ಒಬ್ಬರು ವಾಪಸು ಕೊಟ್ಟಾಗ, ವಿದ್ಯಾರ್ಥಿಗಳ ಎದುರಿಗೇ "ಇದರ ಹಾಳೆ ಇನ್ನೂ ಅಂಟಿಕೊಂಡೇ ಉಂಟು, ನೀವು ಬಿಡಿಸಿಯೂ ನೋಡಲಿಲ್ಲ" ಅಂದರು. ಮೋಹಿನಿಯಕ್ಕ ಮಗಳ ಮದುವೆಗೆ ಮನೆತನಕ ಹೋಗಿ ಕಾಗದ ಕೊಟ್ಟು ಕರೆದರೆ, "ನಾನು ಬರುವುದಿಲ್ಲ, ಮೈಕಿನ ಶಬ್ದಕ್ಕೆ ನನಗೆ ವಾಂತಿ ಬರ್ತದೆ" ಅಂದರು. ನಮ್ಮ ಕಡೆ ಬರದಿದ್ದರೂ ಬರ್ತೇನೆ ಅನ್ನಬೇಕು, ಅದು ಮರ್ಯಾದೆ. ಮೋಹಿನಿಯಕ್ಕ ಬಾತ್‌ರೂಮಿಗೆ ಹೋಗಿ ಅತ್ತು ಬಂದರು. ಮದುವೆ ದಿನ ನಮಗೆಲ್ಲ ರಜೆ ಕೊಟ್ಟು ಇಡೀ ಲೈಬ್ರರಿಯನ್ನು ಒಬ್ಬರೇ ನೋಡಿಕೊಂಡದ್ದು ಮೇಡಂ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ನಲವತ್ತೆರಡನೇ ವಯಸ್ಸಿನಲ್ಲಿ ಅವರಿಗೆ ಆಟಿಸಂ ಉಂಟು ಅಂತ ಗೊತ್ತಾಯಿತು. ಅಕ್ಕನ ಮಗನನ್ನು ಮಂಗಳೂರಿನ ಡಾಕ್ಟರಿಗೆ ತೋರಿಸಲಿಕ್ಕೆ ಹೋದಾಗ ಡಾಕ್ಟರು ಇವರನ್ನೂ ಕೂರಿಸಿ ಮಾತಾಡಿಸಿದರಂತೆ. ನಾಲ್ಕು ಸಲ ಹೋಗಿ ಬಂದ ಮೇಲೆ ರಿಪೋರ್ಟ್ ಬಂತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಬೀರುವಿನ ಸೀರೆಗಳ ಅಡಿಗೆ ಹಾಕುತ್ತಿದ್ದರು. ಇವರು ಜೆರಾಕ್ಸ್ ಮಾಡಿಸಿ ಸೋಮವಾರದ ಮೀಟಿಂಗಿನಲ್ಲಿ ನಮಗೆಲ್ಲ ಹಂಚಿದರು, ಪ್ರಿನ್ಸಿಪಾಲರಿಗೂ ಒಂದು. ಜೊತೆಗೆ ಒಂದು ಹಾಳೆ. ಹೇಳುವುದನ್ನು ನೇರ ಹೇಳಿ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ. ಕಿವಿಗೆ ಹೆಡ್‌ಫೋನ್ ಹಾಕಿದ್ದರೆ ನನಗೆ ಕೋಪ ಬಂದಿದೆ ಅಂತ ಅರ್ಥ ಅಲ್ಲ. "ಇಷ್ಟು ವರ್ಷ ನಾನು ನಿಮಗೆ ಕಷ್ಟ ಕೊಟ್ಟಿರಬಹುದು, ಈಗ ಯಾಕೆ ಅಂತ ನನಗೆ ಗೊತ್ತಾಯಿತು, ನಿಮಗೂ ಗೊತ್ತಾಗಲಿ" ಅಂದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಮೊದಲು ನೋಡಿರಲಿಲ್ಲ.

ನಾವು ಎಂತ ಮಾಡಿದೆವು? ಕಾಗದ ಬರುವ ಮೊದಲು ಅವರು "ಸ್ಟ್ರಿಕ್ಟ್ ಮಾರಾಯ್ತಿ, ಆದರೆ ಕೆಲಸ ಗೊತ್ತುಂಟು" ಆಗಿದ್ದರು. ಕಾಗದ ಬಂದ ಮೇಲೆ "ಪಾಪ" ಆದರು. ಕಂಪ್ಯೂಟರ್ ಕೌಂಟರಿನ ಧನರಾಜ್ ಕ್ಯಾಂಟೀನಿನಲ್ಲಿ, "ಮಂಡೆ ಸಮ ಇಲ್ಲ ಅಂತ ನಾವು ಹೇಳ್ತಿದ್ದೆವು, ಈಗ ಸರ್ಟಿಫಿಕೇಟೇ ಸಿಕ್ಕಿತು" ಅಂತ ಹೇಳಿ ನಗಿಸಿದ. ಮೇಜು ಪೂರಾ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರು ಕೊಟ್ಟ ಪ್ರತಿಯೊಂದು ಸೂಚನೆಗೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಕ್ಕೆ ಶುರು ಮಾಡಿದರು.

ಇನ್ನು ಆ ಪುಸ್ತಕದ ವಿಷಯ. ಸಂಸ್ಥೆಯ ಅಧ್ಯಕ್ಷರು ಚಿನ್ನಯ್ಯನವರು, ಹತ್ತಿರದ ಗುತ್ತಿನ ಮನೆಯ, ಅಂದರೆ ಊರಿನ ಹಳೇ ದೊಡ್ಡ ಮನೆತನದ ಯಜಮಾನರು. ಅವರ ಅಜ್ಜ ತನ್ನ ಕೈಯಾರೆ ಬರೆದ ಮನೆಮದ್ದಿನ ಪುಸ್ತಕ ಒಂದನ್ನು ಲೈಬ್ರರಿಗೆ ದಾನ ಕೊಟ್ಟಿದ್ದರು. ದನಕ್ಕೆ, ಮನುಷ್ಯರಿಗೆ, ಬಾಣಂತಿಗೆ ಅಂತ ಬೇರೆ ಬೇರೆ ಭಾಗ, ಕಂದು ಶಾಯಿ, ಮುತ್ತಿನಂಥ ಅಕ್ಷರ. ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟದ್ದು. ಅದನ್ನು ಹೊರಗೆ ತೆಗೆಯುವುದಾದರೆ ಯಾರೇ ಆಗಲಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಅದು ಮೇಡಂ ಮಾಡಿದ ನಿಯಮ. ಒಮ್ಮೆ ಪ್ರಿನ್ಸಿಪಾಲರಿಂದಲೂ ಸಹಿ ಹಾಕಿಸಿದ್ದರು.

ಹೋದ ವರ್ಷಕ್ಕೂ ಹಿಂದಿನ ವರ್ಷದ ನವೆಂಬರ್. ಮೇಡಂನ ಅಪ್ಪ ತೀರಿಕೊಂಡು ಅವರು ಎರಡು ವಾರ ಊರಿನಲ್ಲಿದ್ದರು. ಗಾಜಿನ ಕಪಾಟಿನ ಕೀಲಿಕೈ ನನ್ನ ಹತ್ತಿರ. ಒಂದು ಶುಕ್ರವಾರ ಅಧ್ಯಕ್ಷರ ಸೊಸೆ ಪ್ರಾಪ್ತಿ ಫೋನ್ ಮಾಡಿದಳು. ಗುತ್ತಿನ ಮನೆಯ ದೈವದ ಚಾವಡಿ ಹೊಸದಾಗಿ ಕಟ್ಟಿಸಿದ್ದಾರೆ, ಅದರ ಪ್ರವೇಶಕ್ಕೆ ಒಂದು ಪುಸ್ತಿಕೆ ಅಚ್ಚು ಹಾಕಿಸ್ತಾರೆ, ಅಜ್ಜನ ಅಕ್ಷರದ ಫೋಟೋ ಬೇಕು. "ಡ್ರೈವರನ್ನು ಕಳಿಸ್ತೇನೆ ಮುರ್ಶಿದಾ, ಎರಡು ದಿನದಲ್ಲಿ ವಾಪಸು." ಅರ್ಧ ಗಂಟೆಯಲ್ಲಿ ಕಾರು ಬಂತು. ನಾನು ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ರಿಜಿಸ್ಟರ್ ಅಲ್ಲೇ ಕೈಗೆ ಸಿಗುವ ಹಾಗೆ ಇತ್ತು. ಪುಸ್ತಕ ಕೊಟ್ಟ ಮನೆಯವರ ಹತ್ತಿರವೇ ಸಹಿ ಕೇಳುವುದಾ? ಯಾರಾದರೂ ಕೇಳ್ತಾರಾ ನಮ್ಮ ಊರಿನಲ್ಲಿ? ಡ್ರೈವರಿಗೆ ಒಂದು ಗ್ಲಾಸು ನೀರು ಕೊಟ್ಟು, "ಅಮ್ಮನಿಗೆ ನಮಸ್ಕಾರ ಹೇಳಿ" ಅಂತ ಹೇಳಿ ಕಳಿಸಿದೆ.

ಎರಡು ದಿನ ಹೋಯಿತು, ಎಂಟು ದಿನ ಹೋಯಿತು. ಸೋಮವಾರ ಮೇಡಂ ಬಂದರು. ಅವತ್ತು ಬೇಗ ಹೊರಟು ಎಂಟೂವರೆಗೆ ನಾನು ಒಳಗೆ ಕಾಲಿಡುವಾಗ ಗಾಜಿನ ಕಪಾಟಿನ ಎದುರು ನಿಂತಿದ್ದರು. "ಪುಸ್ತಕ ಇಲ್ಲ. ರಿಜಿಸ್ಟರಿನಲ್ಲಿ ಇಲ್ಲ. ಎಲ್ಲಿ ಉಂಟು ಅಂತ ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲ ಮೇಡಂ" ಅಂದೆ. ಗುತ್ತಿನ ಮನೆಯ ಯಾವ ಕೋಣೆಯಲ್ಲಿ ಅದು ಬಿದ್ದಿದೆ ಅಂತ ನನಗೆ ಗೊತ್ತಿಲ್ಲದ್ದು ಹೌದು. ಹಾಗೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ನಾಚಿಕೆ ಇಲ್ಲದವಳು.

"ಆಯಿತು" ಅಂದರು. ಅಷ್ಟೇ. ಇನ್ನೊಮ್ಮೆ ಕೇಳಲಿಲ್ಲ, ಮುಖ ನೋಡಲಿಲ್ಲ. ಅವರಿಗೆ ಯಾರಾದರೂ ಒಂದು ಮಾತು ಹೇಳಿದರೆ ಅದು ಹೇಳಿದ ಹಾಗೆಯೇ. ನಾನು ಮೆಟ್ಟಿಲ ಕೆಳಗೆ ಓಡಿ ಹೋಗಿ ಪ್ರಾಪ್ತಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ವಾಟ್ಸಾಪ್ ಹಾಕಿದರೆ ಒಂದೇ ಟಿಕ್. ಆಮೇಲೆ ಗೊತ್ತಾಯಿತು, ಅವಳು ಶನಿವಾರವೇ ಗಂಡ ತರುಣ್ ಇರುವ ದುಬೈಗೆ ಹೋಗಿದ್ದಾಳೆ. ಸಂಜೆಯೊಳಗೆ ಹೇಗಾದರೂ ಪುಸ್ತಕ ತರಿಸಿ ಸದ್ದಿಲ್ಲದೆ ಇಟ್ಟುಬಿಡುವ ಅಂತ ನನ್ನ ಆಲೋಚನೆ. ಮೇಡಂ ಒಂಬತ್ತು ಗಂಟೆಗೇ ಪ್ರಿನ್ಸಿಪಾಲರಿಗೂ ಅಧ್ಯಕ್ಷರಿಗೂ ಕಾಗದ ಬರೆದು ಕಳಿಸಿಯಾಗಿತ್ತು. ಪುಸ್ತಕ ಕಾಣೆಯಾಗಿದೆ, ನಾನು ಮುಖ್ಯಸ್ಥೆ, ಜವಾಬ್ದಾರಿ ನನ್ನದು.

ಬುಧವಾರ ಹನ್ನೊಂದಕ್ಕೆ ಪ್ರಿನ್ಸಿಪಾಲರ ರೂಮಿನಲ್ಲಿ ನಮ್ಮನ್ನೆಲ್ಲ ಸೇರಿಸಿದರು. ಅಧ್ಯಕ್ಷರು ಬಂದರು, ಬಿಳಿ ಪಂಚೆ, ಮೆತ್ತನೆಯ ಮಾತು. "ಪೊಲೀಸು ಗಿಲೀಸು ಬೇಡ, ನಾವೆಲ್ಲ ಒಂದೇ ಮನೆಯವರು" ಅಂದರು. "ಅಜ್ಜನ ಪುಸ್ತಕ. ಅಜ್ಜ ನಂಬಿದ ದೈವದ ಎದುರೇ ತೀರ್ಮಾನ ಆಗಲಿ. ಆದಿತ್ಯವಾರ ಬೆಳಿಗ್ಗೆ ಎಲ್ಲರೂ ನಮ್ಮ ಚಾವಡಿಗೆ ಬನ್ನಿ. ಲೈಬ್ರರಿಯಿಂದ ಒಂದು ಪುಸ್ತಕವನ್ನೂ ಹೇಳದೆ ಕೇಳದೆ ತೆಗೆದುಕೊಂಡು ಹೋಗಿಲ್ಲ ಅಂತ ಒಂದು ಮಾತು ಪ್ರಮಾಣ ಮಾಡಿ ಬನ್ನಿ. ಅಲ್ಲಿಗೆ ಮುಗಿಯಿತು."

ನಮ್ಮ ಕಡೆ ಇದು ಹೊಸತಲ್ಲ. ಗಡಿ ಜಗಳ, ಕಳವು, ಅಣ್ಣತಮ್ಮಂದಿರ ಮಾತುಕತೆ ಎಲ್ಲ ಕೋರ್ಟಿಗೆ ಹೋಗುವ ಮೊದಲು ಹೀಗೆ ಮುಗಿಯುತ್ತದೆ. ನಿಜವಾಗಿ ಹೆದರಿ ಪ್ರಮಾಣ ಮಾಡುವವರೂ ಇದ್ದಾರೆ, ಅವರ ಬಗ್ಗೆ ನನ್ನ ಮಾತಿಲ್ಲ. ಆದರೆ ಆ ರೂಮಿನಲ್ಲಿ ಕೂತವರೆಲ್ಲ ಎಷ್ಟು ಬೇಗ ತಲೆ ಆಡಿಸಿದರು ಅಂತ ನಾನು ನೋಡಿದ್ದೇನೆ. ಧನರಾಜನ ಮನೆಯಲ್ಲಿ ಲೈಬ್ರರಿಯ ಸೀಲು ಇರುವ ಮೂರು ಪರೀಕ್ಷೆ ಗೈಡುಗಳು ಉಂಟು, ಅವನ ತಂಗಿ ಓದುವುದು. ಮೋಹಿನಿಯಕ್ಕ ಹಳೇ ವಾರಪತ್ರಿಕೆ ಒಯ್ದು ಕಪಾಟಿಗೆ ಹಾಸಿದ್ದಾರೆ. ಪ್ರಿನ್ಸಿಪಾಲರ ಟೀಪಾಯಿಯ ಮೇಲಿದ್ದ ಚಿತ್ರದ ಪುಸ್ತಕವನ್ನು ಯಾರ ಹೆಸರಿಗೂ ಬರೆದಿರಲಿಲ್ಲ. ಎಲ್ಲರೂ "ಆಯಿತು ಸರ್, ಆಯಿತು ಸರ್."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಮುರ್ಶಿದಾ, ನೀವು ಚಾವಡಿಗೆ ಬರುವುದು ಬೇಡಮ್ಮ, ನಿಮಗೆ ಮುಜುಗರ. ನೀವು ನಂಬಿದವನನ್ನು ನೆನೆದು ಇಲ್ಲೇ ಒಂದು ಮಾತು ಹೇಳಿ, ಸಾಕು."

ಎಲ್ಲರೂ ನನ್ನ ಬಾಯಿ ನೋಡಿದರು. ಪುಸ್ತಕ ನಿಮ್ಮ ಮನೆಯಲ್ಲೇ ಉಂಟು ಅಂತ ಅಷ್ಟು ಜನರ ಎದುರು ಅವರಿಗೆ ಹೇಳುವುದು ಹೇಗೆ? ಆಮೇಲೆ ಜೂನ್ ಬರ್ತದೆ. ಎದೆಯ ಮೇಲೆ ಕೈ ಇಟ್ಟು ಹೇಳಿದೆ, "ಅಲ್ಲಾಹನಾಣೆ, ನಾನು ಲೈಬ್ರರಿಯಿಂದ ಪುಸ್ತಕ ತೆಗೆದುಕೊಂಡು ಹೋಗಿಲ್ಲ." ನಾನು ಹೇಳಿದ ಒಂದೊಂದು ಅಕ್ಷರವೂ ನಿಜ. ನಾನು ಒಯ್ದಿಲ್ಲ, ಕೊಟ್ಟದ್ದು. ಅಷ್ಟು ಹೊತ್ತಿಗೆ ಅಂಥ ಬುದ್ಧಿ ನನಗೆ ಎಲ್ಲಿಂದ ಬಂತೋ, ಅದೇ ಬುದ್ಧಿ ಪುಸ್ತಕ ಕೊಡುವಾಗ ಬಂದಿದ್ದರೆ ಆಗಿತ್ತು.

ಮೇಡಂ ಎದ್ದು ನಿಂತರು. "ನನಗೆ ಆ ಪ್ರಮಾಣ ಮಾಡಲಿಕ್ಕಾಗುವುದಿಲ್ಲ" ಅಂದರು.

ಅಧ್ಯಕ್ಷರು ನಗುತ್ತಲೇ ಕೇಳಿದರು, "ಯಾಕಮ್ಮ? ಬ್ಯಾಂಡು ವಾಲಗ ಎಂತದೂ ಇಲ್ಲ, ಗಲಾಟೆ ಇಲ್ಲ."

"ಅದಕ್ಕಲ್ಲ. ಒಂದು ಪುಸ್ತಕವನ್ನೂ ಅಂತ ನೀವು ಹೇಳಿದಿರಿ. ನಾನು ಒಂದು ತೆಗೆದುಕೊಂಡು ಹೋಗಿದ್ದೇನೆ. ಎರಡು ಸಾವಿರದ ಒಂಬತ್ತು, ಜೂನ್, ಶನಿವಾರ. ಹಕ್ಕಿಗಳ ಪುಸ್ತಕ, ನಂಬರ್ ಹನ್ನೊಂದು ಸಾವಿರದ ನಾನೂರ ಅರವತ್ತೆರಡು. ಅಮ್ಮ ಆಸ್ಪತ್ರೆಯಲ್ಲಿದ್ದರು, ಅವರಿಗೆ ಚಿತ್ರ ತೋರಿಸಲಿಕ್ಕೆ. ಕೌಂಟರ್ ಮುಚ್ಚಿತ್ತು, ಬರೆಯಲಿಲ್ಲ. ಸೋಮವಾರ ಎಂಟೂಕಾಲಿಗೆ ವಾಪಸು ಇಟ್ಟೆ. ಅಜ್ಜನ ಪುಸ್ತಕ ನಾನು ತೆಗೆದಿಲ್ಲ. ಅದೊಂದರ ಬಗ್ಗೆ ಕೇಳಿದರೆ ಪ್ರಮಾಣ ಮಾಡ್ತೇನೆ. ಒಂದನ್ನೂ ಅಂದರೆ ಸುಳ್ಳಾಗ್ತದೆ."

ಮಾರಾಯ್ರೆ, ಆ ರೂಮಿನಲ್ಲಿ ದೈವವನ್ನು ನಿಜವಾಗಿ ನಂಬಿದವರು ಒಬ್ಬರೇ ಇದ್ದದ್ದು. ಅಥವಾ ದೈವವನ್ನು ಬಿಡಿ, ಮಾತನ್ನು ನಂಬಿದವರು. ಯಾರಿಗಾದರೂ ಅದು ಕಂಡಿತಾ? ಎರಡು ವಾರ ಮೇಡಂ ಇಲ್ಲಿರಲೇ ಇಲ್ಲ, ಕೀಲಿಕೈ ಇದ್ದದ್ದು ನನ್ನ ಹತ್ತಿರ, ಅದೂ ಯಾರಿಗೂ ನೆನಪಾಗಲಿಲ್ಲ. ಧನರಾಜ್ ನನ್ನ ಕಿವಿಯ ಹತ್ತಿರ, "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು" ಅಂದ. ಮೋಹಿನಿಯಕ್ಕ "ಪಾಪ" ಅಂದರು. ಪ್ರಿನ್ಸಿಪಾಲರು ಕೆಮ್ಮಿದರು. ಅಧ್ಯಕ್ಷರು ನಗು ನಿಲ್ಲಿಸಿ, "ನೀವೇ ಒಪ್ಪಿಕೊಂಡ ಮೇಲೆ ನಾವು ಎಂತ ಹೇಳುವುದಮ್ಮ" ಅಂದರು. ಮೇಡಂ ಅವರನ್ನೇ ನೋಡಿದರು, "ಹಕ್ಕಿಗಳ ಪುಸ್ತಕ ಒಪ್ಪಿಕೊಂಡೆ" ಅಂತ ತಿದ್ದಿದರು. ಮೀಟಿಂಗು ಮುಗಿಯಿತು. ನಾನು ಕುರ್ಚಿಯಿಂದ ಎದ್ದದ್ದು ಕೊನೆಗೆ.

ಮನೆಗೆ ಹೋಗಿ ಅನ್ಸಾಫ್‌ಗೆ ಎಲ್ಲ ಹೇಳಿದೆ. ಅವನು "ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ" ಅಂದ. ಸ್ವಲ್ಪ ಬಿಟ್ಟು, "ನೀನು ಸುಮ್ಮನಿರುವವಳಲ್ಲ, ಅದೇ ತೊಂದರೆ" ಅಂದ. ಗುರುವಾರ ಬೆಳಿಗ್ಗೆ ಬೇಗ ಹೋದೆ. ಮೇಡಂ ಕಪಾಟುಗಳ ನಡುವೆ ಇದ್ದರು. ಬಾಯಿಬಿಟ್ಟು ಪೂರಾ ಹೇಳಿದೆ, ಪ್ರಾಪ್ತಿಯ ಫೋನು, ಕಾರು, ಪೇಪರಿನ ಸುತ್ತು, ಎದೆಯ ಮೇಲಿನ ಕೈ. ಅತ್ತುಕೊಂಡೇ ಹೇಳಿದೆ. ಅವರು ಜೇಬಿನಿಂದ ಚೀಟಿ ತೆಗೆದು, "ಯಾವ ತಾರೀಕು? ಎಷ್ಟು ಗಂಟೆ?" ಅಂತ ಕೇಳಿ ಬರೆದುಕೊಂಡರು.

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಆಮೇಲೆ ನನಗೇ ಸಿಟ್ಟು ಬಂತು. "ನೀವು ಯಾಕೆ ಮೇಡಂ ಆ ಹಕ್ಕಿ ಪುಸ್ತಕದ ಕಥೆ ಹೇಳಿದ್ದು? ಯಾರು ಕೇಳಿದ್ದರು ನಿಮ್ಮನ್ನು? ಎಲ್ಲರ ಹಾಗೆ ತಲೆ ಆಡಿಸಿ ಬರಲಿಕ್ಕೆ ಆಗ್ತಿರಲಿಲ್ಲವಾ?"

"ಅಧ್ಯಕ್ಷರು ಕೇಳಿದ್ದರು" ಅಂದರು. ಸ್ವಲ್ಪ ಹೊತ್ತು ಪುಸ್ತಕದ ಬೆನ್ನುಗಳನ್ನು ಸರಿ ಮಾಡಿದರು. "ನೀವು ಇದನ್ನು ಬರೆದು ಸಹಿ ಹಾಕಿ ಅಧ್ಯಕ್ಷರಿಗೆ ಕೊಡಬೇಕು. ಕೊಟ್ಟರೆ ನಿಮ್ಮ ಕೆಲಸ ಹೋಗಬಹುದು. ಕೊಡದಿದ್ದರೆ ನನ್ನದು ಹೋಗ್ತದೆ. ನಿಮಗೆ ಮಗಳು ಇದ್ದಾಳೆ. ನನಗೆ ಈ ಕೆಲಸ ಬಿಟ್ಟರೆ ಬೇರೆ ಎಂತದೂ ಇಲ್ಲ. ನನಗೆ ನೀವು ಬರೆಯಬೇಕು ಅಂತ ಉಂಟು." ಹೀಗೆ ಹೇಳುವವರನ್ನು ನೀವು ನೋಡಿದ್ದೀರಾ? ನಾವಾದರೆ "ಛೆ ಛೆ, ನನ್ನದು ಹೇಗಾದರೂ ಆಗ್ತದೆ, ನೀವು ನಿಮ್ಮ ಮಗಳನ್ನು ನೋಡಿ" ಅಂತ ಬಾಯಲ್ಲಿ ಹೇಳಿ, ಇನ್ನೊಬ್ಬರು ಬರೆಯಲಿ ಅಂತ ಒಳಗೊಳಗೆ ಹರಕೆ ಹೊರುತ್ತೇವೆ.

ಬರೆದೆ. ಅಷ್ಟಾದರೂ ಮಾಡಿದೆ. ಶನಿವಾರ ಬೆಳಿಗ್ಗೆ ಆಟೋದಲ್ಲಿ ಗುತ್ತಿನ ಮನೆಗೆ ಹೋಗಿ ಅಧ್ಯಕ್ಷರ ಕೈಗೆ ಕೊಟ್ಟೆ. ನಿಂತೇ ಓದಿದರು. ಒಳಗೆ ಹೇಳಿ ಹುಡುಕಿಸಿದರು. ಹತ್ತು ನಿಮಿಷ ಬೇಕಾಗಲಿಲ್ಲ, ಹೊಸ ಚಾವಡಿಯ ಬೀರುವಿನಲ್ಲಿ ಪುಸ್ತಿಕೆಯ ಕಟ್ಟುಗಳ ಅಡಿಯಲ್ಲಿ, ನಾನು ಸುತ್ತಿದ ಪೇಪರಿನಲ್ಲೇ ಇತ್ತು. ಅವರು ನಕ್ಕರು.

"ನಮ್ಮ ಪ್ರಾಪ್ತಿಯ ಕೆಲಸ" ಅಂದರು. "ಪರವಾಗಿಲ್ಲಮ್ಮ. ನೀವು ನಮ್ಮ ಮನೆಯ ಮರ್ಯಾದೆ ನೋಡಿದ್ದೀರಿ. ಸಹಿ ಕೇಳಲಿಲ್ಲ, ಮೀಟಿಂಗಿನಲ್ಲಿ ಹೆಸರೂ ಎತ್ತಲಿಲ್ಲ. ಇಂಥವರು ಬೇಕು ಸಂಸ್ಥೆಗೆ." ನನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಹಾಗಾದರೆ ರಾಜೀವಿ ಮೇಡಂ?"

"ಅದು ಬೇರೆ ವಿಷಯ. ಅವರಾಗಿಯೇ ತೆಗೆದದ್ದು ಹೌದು ಅಂತ ಅಷ್ಟು ಜನರ ಎದುರು ಹೇಳಿದ್ದಾರೆ. ಪ್ರಮಾಣಕ್ಕೆ ಆಗುವುದಿಲ್ಲ ಅಂದಿದ್ದಾರೆ. ಊರಿನವರಿಗೆ ನಾನು ಎಂತ ಹೇಳುವುದು? ಅಲ್ಲದೆ ಅವರ ಆರೋಗ್ಯದ್ದೂ ಉಂಟಲ್ಲ, ಪಾಪ."

"ಪುಸ್ತಕ ಸಿಕ್ಕಿತಲ್ಲ ಸರ್" ಅಂದೆ. ಅವರು ಒಳಗಿನಿಂದ ನನಗೆ ಬೊಂಡ ತರಿಸಿದರು. ನಾನು ಆ ಎಳನೀರು ಕುಡಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಗಾದೆ ಉಂಟು. ಇಲ್ಲಿ ಎತ್ತಿಗೆ ಬೊಂಡ ಬೇರೆ. ಆದಿತ್ಯವಾರದ ಪ್ರಮಾಣ ಅಲ್ಲಿಗೇ ನಿಂತಿತು. ಸೋಮವಾರ ಮೇಡಂಗೆ ಆರ್ಡರ್ ಬಂತು. ಆರೋಗ್ಯದ ಕಾರಣದಿಂದ, ಅವರ ಹಿತದೃಷ್ಟಿಯಿಂದ, ಹೊರೆ ಇಲ್ಲದ ಜಾಗಕ್ಕೆ ಅಂತ ಬರೆದಿದ್ದರು. ಬೆಳ್ತಂಗಡಿ ಕಡೆಯ ಸಂಸ್ಥೆಯ ಹೈಸ್ಕೂಲಿಗೆ. ಅಲ್ಲಿ ಲೈಬ್ರರಿ ಅಂದರೆ ನಾಲ್ಕು ಕಪಾಟು, ಪಕ್ಕದಲ್ಲಿ ಬ್ಯಾಂಡ್ ಸೆಟ್ ಇಡುವ ಕೋಣೆ. ಆರ್ಡರಿಗೆ ಒಂದು ಕಾಗದ ಪಿನ್ ಮಾಡಿದ್ದರು. ಮೇಡಂ ನಮಗೆಲ್ಲ ಹಂಚಿದ ರಿಪೋರ್ಟಿನ ಅದೇ ಜೆರಾಕ್ಸ್. ನಮಗೆ ಅರ್ಥವಾಗಲಿ ಅಂತ ಕೊಟ್ಟದ್ದು, ಮಾರಾಯ್ರೆ. ಅದನ್ನು ನೋಡಿದಾಗ ನನಗೆ ಪ್ರಿನ್ಸಿಪಾಲರ ಮೇಜು ಮಗುಚಿ ಹಾಕುವಷ್ಟು ಸಿಟ್ಟು ಬಂತು. ಮಗುಚಲಿಲ್ಲ. ನಾನು ಹೆಂಗಸು, ನಾನು ಟೆಂಪರರಿ, ನಾನು ಬ್ಯಾರಿ, ಇದೆಲ್ಲ ನೆವ ಅಂತ ಮೊದಲೇ ಹೇಳಿದ್ದೇನೆ.

ಅದೇ ದಿನ ಮಧ್ಯಾಹ್ನ ಪ್ರಿನ್ಸಿಪಾಲರು ಕರೆದು, ಇನ್ನು ಮುಂದೆ ಲೈಬ್ರರಿಯ ಚಾರ್ಜು ನನಗೆ ಅಂದರು. ಅಧ್ಯಕ್ಷರೇ ಹೆಸರು ಹೇಳಿದ್ದಂತೆ. ಬೇಡ ಅನ್ನಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಧನರಾಜನಿಗೆ ಕೊಟ್ಟರೆ ಲೈಬ್ರರಿ ಹಾಳಾಗ್ತದೆ, ಮೇಡಂ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ ಆಗ್ತದೆ ಅಂತ ಒಂದು ಕಾರಣ ಆ ಕ್ಷಣದಲ್ಲೇ ಹುಟ್ಟಿಕೊಂಡಿತು. ಒಳ್ಳೆಯ ಕಾರಣ. ನಿಜವೂ ಹೌದು. "ಆಯಿತು ಸರ್" ಅಂದೆ.

ಮರುದಿನ ಮೇಡಂ ಚಾರ್ಜು ಒಪ್ಪಿಸಿದರು. ಬೆಳಿಗ್ಗೆ ಹತ್ತರಿಂದ ಎರಡರವರೆಗೆ. ಯಾವ ಕಪಾಟಿಗೆ ಗೆದ್ದಲಿನ ಹೆದರಿಕೆ, ಯಾವ ಹುಡುಗಿಗೆ ಮನೆಯಲ್ಲಿ ಓದಲಿಕ್ಕೆ ಜಾಗ ಇಲ್ಲ ಅಂತ ಸಂಜೆ ಅರ್ಧ ಗಂಟೆ ಹೆಚ್ಚು ಬಾಗಿಲು ತೆರೆದಿಡಬೇಕು, ಧನರಾಜನಿಗೆ ಬೆಳಿಗ್ಗೆ ಕೆಲಸ ಹೇಳಿದರೆ ಮಾಡ್ತಾನೆ, ಮಧ್ಯಾಹ್ನದ ನಂತರ ಮಾಡುವುದಿಲ್ಲ. ಎಲ್ಲ ಬರೆದಿಟ್ಟಿದ್ದರು. ನಾನು ಗುತ್ತಿನ ಮನೆಯಿಂದ ತಂದ ಅಜ್ಜನ ಪುಸ್ತಕವನ್ನು ಕಪಾಟಿನೊಳಗೆ ಇಡಿಸಿ, ನನ್ನಿಂದಲೇ ಎರಡು ಸಾಲು ಬರೆಸಿದರು, ಹೋದ ತಾರೀಕು, ಬಂದ ತಾರೀಕು, ಯಾರು ಕೊಟ್ಟದ್ದು. ಅದರ ಅಡಿಯಲ್ಲಿ ಅವರು ಸಹಿ ಹಾಕಿದರು. ಹೆಡ್‌ಫೋನ್ ಹಾಕಿಕೊಂಡರು, ಸ್ವಲ್ಪ ಹೊತ್ತು ಗೋಡೆ ನೋಡುತ್ತ ನಿಂತರು, ಮತ್ತೆ ತೆಗೆದರು. ಅವರು ಅಳುವುದು ಹಾಗೆ ಅಂತ ನನಗೆ ಆಗ ಗೊತ್ತಾಯಿತು.

"ನನ್ನನ್ನು ಕ್ಷಮಿಸಿ ಮೇಡಂ" ಅಂದೆ. ಬೇರೆ ಯಾರಾದರೂ ಆಗಿದ್ದರೆ "ಅಯ್ಯೋ, ಬಿಡಿ" ಅನ್ನುತ್ತಿದ್ದರು. ಆಮೇಲೆ ಊರೆಲ್ಲ ನನ್ನ ಬಗ್ಗೆ ಹೇಳಿಕೊಂಡು ತಿರುಗುತ್ತಿದ್ದರು, ನಾನೂ ನೆಮ್ಮದಿಯಾಗಿ ಇರುತ್ತಿದ್ದೆ.

ಮೇಡಂ ಸ್ವಲ್ಪ ಯೋಚನೆ ಮಾಡಿದರು. "ಈಗ ಆಗುವುದಿಲ್ಲ" ಅಂದರು. "ನಿಮ್ಮ ಮೇಲೆ ನನಗೆ ತುಂಬಾ ಸಿಟ್ಟು ಉಂಟು. ಅಧ್ಯಕ್ಷರ ಮೇಲೆ ಇರುವುದಕ್ಕಿಂತ ಹೆಚ್ಚು, ಯಾಕೆ ಅಂದರೆ ನೀವು ಹೇಳಿದ್ದನ್ನು ನಾನು ನಂಬಿದ್ದೆ. ಅದು ಯಾವಾಗ ಹೋಗ್ತದೆ ಅಂತ ನನಗೆ ಗೊತ್ತಿಲ್ಲ. ಹೋದ ದಿನ ಫೋನ್ ಮಾಡಿ ಹೇಳ್ತೇನೆ." ಚೀಲ ಎತ್ತಿಕೊಂಡು ಹೊರಟರು.

ಈಗ ಒಂದೂವರೆ ವರ್ಷ ಆಯಿತು. ಅವರ ಕುರ್ಚಿಯಲ್ಲಿ ನಾನು ಕೂರ್ತೇನೆ. ಅಲ್ಲಿನ ಹೈಸ್ಕೂಲಿನಲ್ಲಿ ನಾಲ್ಕು ಕಪಾಟು ಏಳಾಗಿದೆ ಅಂತ ಯಾರೋ ಹೇಳಿದರು. ಮೋಹಿನಿಯಕ್ಕ ಆಗಾಗ "ಅವರು ಮರೆತಿರಬಹುದು ಮುರ್ಶಿದಾ, ಅಂಥವರಿಗೆ ಹಾಗೆಲ್ಲ ನೆನಪು ಇರುವುದಿಲ್ಲ" ಅಂತ ನನಗೆ ಸಮಾಧಾನ ಹೇಳ್ತಾರೆ. ಮರೆಯುವವರು ನಾವು. ಮೇಡಂ ಹೇಳ್ತೇನೆ ಅಂದರೆ ಹೇಳ್ತಾರೆ. ಇನ್ನೂ ಫೋನ್ ಬಂದಿಲ್ಲ.